ಕ್ಯಾನ್ಸರ್ ರೋಗಿಗೆ ಮನೆಯಲ್ಲೇ ಪ್ಯಾಲಿಯೇಟಿವ್ ಆರೈಕೆ: ಮೈಸೂರು–ಮಂಡ್ಯ ಕಡೆಯವರಿಗೊಂದು ಮಾರ್ಗದರ್ಶಿ

"ಇನ್ನು ಆಸ್ಪತ್ರೇಲಿ ಇಟ್ಕೊಂಡು ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ಮನೇಲಿ ನಾವೇನು ಮಾಡೋದು?" ಈ ಪ್ರಶ್ನೆ ನಂಜನಗೂಡಿನಿಂದ ಬಂದಿದೆ, ಮದ್ದೂರಿನಿಂದ ಬಂದಿದೆ, ಕುವೆಂಪುನಗರದಿಂದಲೂ ಬಂದಿದೆ. ಕೇಳುವವರು ಹೆಚ್ಚಾಗಿ ಮಗಳು ಅಥವಾ ಸೊಸೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಮನೆಯಲ್ಲಿ ಮಾಡುವುದು ಬೇಕಾದಷ್ಟಿದೆ. ಕಾಯಿಲೆ ವಾಸಿಯಾಗದೇ ಇದ್ದರೂ ನೋವು ಕಡಿಮೆ ಮಾಡಬಹುದು. ವಾಂತಿ ನಿಲ್ಲಿಸಬಹುದು. ಗಾಯದ ವಾಸನೆ ಹೋಗಿಸಬಹುದು. ಮೂರು ದಿನ ಕಣ್ಣು ಮುಚ್ಚದವರು ರಾತ್ರಿ ಮಲಗಿ, ಬೆಳಗ್ಗೆ ಎದ್ದು ಜಗಲಿಗೆ ಬಂದು ಕೂತು ಕಾಫಿ ಕೇಳೋ ಹಾಗೆ ಮಾಡಬಹುದು. ಈ ಕೆಲಸಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ, ಸರ್ಕಾರಿ ಕಾಗದಗಳಲ್ಲಿ ಉಪಶಮನ ಆರೈಕೆ ಅಂತ ಇರುತ್ತದೆ. ಡಾಕ್ಟ್ರು, ನರ್ಸ್, ಸಮಾಜ ಕಾರ್ಯಕರ್ತರು ಸೇರಿದ ತಂಡ ಮನೆಗೇ ಬಂದು ನೋಡಿ, ಔಷಧಿ ಹೊಂದಿಸಿ, ಮನೆಯವರಿಗೆ ಕೆಲಸ ಕಲಿಸಿ ಹೋಗುತ್ತದೆ. ದಿನಾ ಬರುವುದಿಲ್ಲ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುತ್ತಾರೆ, ಮಧ್ಯೆ ಫೋನಿನಲ್ಲಿ ಸಿಗುತ್ತಾರೆ. ಉಳಿದ ದಿನಗಳ ಕೆಲಸ ನಿಮ್ಮದು. ಆದ್ದರಿಂದ ಈ ಲೇಖನ ಸ್ವಲ್ಪ ಉದ್ದವಾಗಿದೆ.

1. ಬೇಗ ಕೇಳಿ, ಕಡೇಗಳಿಗೆಗೆ ಕಾಯಬೇಡಿ

ಎಲ್ಲಾ ಚಿಕಿತ್ಸೆ ಮುಗಿದ ಮೇಲೆ ಪ್ಯಾಲಿಯೇಟಿವ್ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಎಷ್ಟೋ ಡಾಕ್ಟರುಗಳೂ ಹಾಗೇ ಮಾಡುತ್ತಾರೆ. ಇದರಿಂದ ನಷ್ಟ ರೋಗಿಗೆ. ಕೀಮೋ, ರೇಡಿಯೇಷನ್ ನಡೆಯುತ್ತಿರುವಾಗಲೇ ನೋವು, ವಾಂತಿ, ನಿದ್ದೆಗೇಡು ಶುರುವಾಗಿರುತ್ತದೆ. ಆಗಲೇ ಈ ತಂಡದವರನ್ನು ಕಂಡರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯೂ ಉಳಿಯುತ್ತದೆ.

ಇದಕ್ಕೆ ಒಳ್ಳೆಯ ಆಧಾರವಿದೆ. ಅಮೆರಿಕದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಆರೈಕೆ. ಎರಡನೇ ಗುಂಪಿನವರಿಗೆ ಮನಸ್ಸಿನ ಕುಗ್ಗುವಿಕೆ ಕಡಿಮೆ ಇತ್ತು, ದಿನಗಳು ಹಗುರವಾಗಿದ್ದವು. ಕೊನೆಗಾಲದಲ್ಲಿ ಕಠಿಣ ಚಿಕಿತ್ಸೆಗಳಿಗೆ ಸಿಕ್ಕವರೂ ಕಡಿಮೆ. ಆದರೂ ಅವರು ಮೊದಲ ಗುಂಪಿನವರಿಗಿಂತ ಸರಾಸರಿ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಜಾಸ್ತಿ ಬದುಕಿದರು. "ಅದಕ್ಕೆ ಸೇರಿಸಿದ್ರೆ ಬೇಗ ಹೋಗ್ಬಿಡ್ತಾರೆ" ಅನ್ನುವ ನೆಂಟರಿಗೆ ಇದನ್ನು ಹೇಳಿ.

ರೋಗಿಗೆ ಇವುಗಳಲ್ಲಿ ಒಂದಿದ್ದರೂ ಕೇಳಬಹುದು: ಮಾತ್ರೆ ತಗೊಂಡರೂ ಹೋಗದ ನೋವು, ಉಸಿರಾಟದ ಕಷ್ಟ, ವಾಸಿಯಾಗದ ಗಾಯ, ಊಟ ಇಳಿಯದಿರುವುದು, ಹಾಸಿಗೆ ಹಿಡಿದಿರುವುದು.

2. ಎಲ್ಲಿ ಕೇಳಬೇಕು, ಏನು ತೆಗೆದುಕೊಂಡು ಹೋಗಬೇಕು

ಮೊದಲು ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. "ಪ್ಯಾಲಿಯೇಟಿವ್ ಕೇರ್‌ಗೆ ರೆಫರ್ ಮಾಡಿ ಕೊಡಿ, ಮಾರ್ಫಿನ್ ಎಲ್ಲಿ ಸಿಗುತ್ತೆ ಹೇಳಿ" ಅಂತ ನೇರವಾಗಿ ಕೇಳಿ. ಮಾರ್ಫಿನ್ ಅಂದರೆ ಜೋರು ನೋವಿಗೆ ಕೊಡುವ ಔಷಧಿ. ಸುಮ್ನೆ "ಮುಂದೇನು ಡಾಕ್ಟ್ರೇ" ಅಂದರೆ ಉತ್ತರ ಎತ್ತಲೋ ಹೋಗುತ್ತದೆ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ದಾರಿಗಳು. ಹಳ್ಳಿಯಲ್ಲಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ವಿಚಾರಿಸಿ. ಕೇಂದ್ರ ಸರ್ಕಾರದ ಪ್ಯಾಲಿಯೇಟಿವ್ ಕಾರ್ಯಕ್ರಮ 2012ರಿಂದ ಇದೆ. ಜಿಲ್ಲೆಯಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳುವ ಹಕ್ಕು ನಿಮಗಿದೆ. ಸಂಸ್ಥೆಗಳ ಪೈಕಿ, ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿ ಮನೆಗೆ ಬಂದು ಈ ಆರೈಕೆ ಕೊಡುತ್ತದೆ. ಮನೆಯಲ್ಲಿ ಸಾಧ್ಯವೇ ಇಲ್ಲದ ಸ್ಥಿತಿ ಬಂದರೆ ಬೆಂಗಳೂರಿನ ಕರುಣಾಶ್ರಯ ಇದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ಜಾಗ ಅದು, ಹಣ ತೆಗೆದುಕೊಳ್ಳುವುದಿಲ್ಲ. ಹಾಸ್ಪೈಸ್ ಅಂದರೆ ಕೊನೆ ಹಂತದ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಮನೆ.

ಫೋನ್ ಮಾಡಿದಾಗ ಮೂರು ವಿಷಯ ಕೇಳಿ: ನಮ್ಮ ಊರು ನಿಮ್ಮ ವ್ಯಾಪ್ತಿಗೆ ಬರುತ್ತಾ? ಮಾರ್ಫಿನ್ ನಿಮ್ಮಲ್ಲೇ ಸಿಗುತ್ತಾ? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು?

ಒಂದು ಫೈಲು ಮಾಡಿಕೊಳ್ಳಿ. ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್, ಡಿಸ್ಚಾರ್ಜ್ ಸಾರಾಂಶ, ಈಗ ಕೊಡುತ್ತಿರುವ ಎಲ್ಲಾ ಮಾತ್ರೆಗಳ ಖಾಲಿ ಸ್ಟ್ರಿಪ್, ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಅದರಲ್ಲಿರಲಿ. ನಾಟಿ ಔಷಧಿ ಕೊಡುತ್ತಿದ್ದರೆ ಮುಚ್ಚಿಡಬೇಡಿ, ಅದರ ಪೊಟ್ಟಣವನ್ನೂ ತೋರಿಸಿ. ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ಔಷಧಿ ಔಷಧಿ ಜಗಳಕ್ಕೆ ಬೀಳೋದು ಅದಕ್ಕಿಂತ ಕೆಟ್ಟದ್ದು.

ಒಂದು ಎಚ್ಚರಿಕೆ. ಏಜೆನ್ಸಿಯಿಂದ ಬರುವ "ಹೋಮ್ ನರ್ಸ್" ಬೇರೆ, ಈ ತಂಡ ಬೇರೆ. ಏಜೆನ್ಸಿಯವರು ಸ್ನಾನ, ಊಟ, ರಾತ್ರಿ ಕಾವಲಿಗೆ ಅನುಕೂಲ. ಆದರೆ ಅವರಲ್ಲಿ ಎಷ್ಟೋ ಜನಕ್ಕೆ ನರ್ಸಿಂಗ್ ತರಬೇತಿ ಇರುವುದಿಲ್ಲ. ಇಂಜೆಕ್ಷನ್, ಟ್ಯೂಬು, ಗಾಯದ ಕೆಲಸ ಕೊಡುವ ಮೊದಲು ಏನು ಓದಿದ್ದಾರೆ ಕೇಳಿ.

3. ಕೋಣೆ ಸಜ್ಜು ಮಾಡಿ

ರೋಗಿಯನ್ನು ಹಿಂದಿನ ಕೋಣೆಗೆ ಹಾಕಬೇಡಿ. ಮನೆಯ ಮಾತು, ಅಡುಗೆಯ ಸದ್ದು ಕೇಳಿಸುವ, ಗಾಳಿ ಬೆಳಕಿರುವ, ಬಚ್ಚಲಿಗೆ ಹತ್ತಿರದ ಜಾಗ ಹುಡುಕಿ. ಎಷ್ಟೋ ಮನೆಗಳಲ್ಲಿ ಅದು ಹಾಲಿನ ದಿವಾನೇ ಆಗಿರುತ್ತದೆ. ಮಂಚ ತೀರಾ ತಗ್ಗಾಗಿದ್ದರೆ ನೋಡಿಕೊಳ್ಳುವವರ ಸೊಂಟ ಹೋಗುತ್ತದೆ. ಕಾಲುಗಳ ಕೆಳಗೆ ಭದ್ರವಾದ ಮರದ ತುಂಡು ಕೊಟ್ಟು ಎತ್ತರಿಸಿ. ಎದ್ದು ಓಡಾಡುವವರಾದರೆ ಎತ್ತರಿಸಬೇಡಿ, ಬೀಳುತ್ತಾರೆ.

ಏರ್ ಬೆಡ್, ವೀಲ್ ಚೇರ್, ಕಮೋಡ್ ಕುರ್ಚಿ ಹೊಸದಾಗಿ ಕೊಳ್ಳುವ ಮೊದಲು ಎರವಲು ಸಿಗುತ್ತಾ ಅಂತ ತಂಡದವರನ್ನು ಕೇಳಿ. ಗಾಳಿ ತುಂಬುವ ಏರ್ ಬೆಡ್‌ಗೆ ಕರೆಂಟ್ ಬೇಕು. ಕರೆಂಟ್ ಹೋಗುವ ಊರಾದರೆ ಮೋಟಾರಿನ ಕೊಳವೆ ಕಿತ್ತು ಮಡಿಸಿ ಕಟ್ಟುವುದನ್ನು ಕಲಿತುಕೊಳ್ಳಿ. ಇಲ್ಲದಿದ್ದರೆ ರೋಗಿ ಹಲಗೆಯ ಮೇಲೆ ಮಲಗಿದ ಹಾಗಾಗುತ್ತದೆ.

4. ನೋವಿನ ಕೆಲಸ: ಇಲ್ಲಿ ತಪ್ಪಬೇಡಿ

ಇದೊಂದು ಸರಿಹೋದರೆ ಮನೆಯ ಅರ್ಧ ಗೋಳು ಮುಗಿದ ಹಾಗೆ. ಆದ್ದರಿಂದ ಇದನ್ನು ನಿಧಾನಕ್ಕೆ ಓದಿ.

ನೋವನ್ನು ಅಳೆಯುವುದು ರೋಗಿಯ ಬಾಯಿಮಾತಿನಿಂದ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ್ದು, ಈಗ ಎಷ್ಟು ಅಂತ ಕೇಳಿ. ಅಂಕಿ ಹೇಳೋಕೆ ಬಾರದ ಅಜ್ಜಿಯಾದರೆ "ರೂಪಾಯಿಗೆ ಎಷ್ಟಾಣೆ ನೋವು" ಅಂತ ಕೇಳಿ, ಥಟ್ಟನೆ ಹೇಳುತ್ತಾರೆ. ಮಾತಾಡಲಾಗದವರಾದರೆ ಹುಬ್ಬು ಗಂಟಿಕ್ಕುವುದು, ನರಳುವುದು, ಮೈ ಮುಟ್ಟಿದರೆ ಬಿಗಿಯಾಗುವುದು ಗಮನಿಸಿ. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ನೋವಿನ ಅಂಕಿ, ಕೊಟ್ಟ ಮಾತ್ರೆ ಬರೆಯಿರಿ. ಡಾಕ್ಟ್ರು ಬಂದಾಗ "ತುಂಬಾ ನೋವು ಸಾರ್" ಅನ್ನುವುದಕ್ಕಿಂತ ಈ ಪುಟ ಸಾವಿರ ಪಾಲು ಉಪಯೋಗ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಏಣಿ ಕೊಟ್ಟಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಥರದ್ದು, ಅದು ಸಾಲದಿದ್ದರೆ ಟ್ರಮಡಾಲ್ ಥರದ್ದು, ಜೋರು ನೋವಿಗೆ ಮಾರ್ಫಿನ್. ಈಗ ಡಾಕ್ಟ್ರುಗಳು ಪ್ರತಿ ಮೆಟ್ಟಿಲಲ್ಲೂ ನಿಲ್ಲುವುದಿಲ್ಲ. ನೋವು ಜೋರಾಗಿದ್ದರೆ ನೇರ ಮೇಲಿನದಕ್ಕೇ ಹೋಗುತ್ತಾರೆ. ಆದರೆ ಅದರ ಜೊತೆ ಹೇಳಿದ ಎರಡು ಮಾತು ಇವತ್ತಿಗೂ ನಡೆಯುತ್ತದೆ. ಆದಷ್ಟು ಬಾಯಿಯ ಮೂಲಕ ಕೊಡಿ, ಗಡಿಯಾರ ನೋಡಿ ಕೊಡಿ.

ಗಡಿಯಾರದ ಮಾತನ್ನೇ ಜನ ಮುರಿಯುವುದು. "ಈಗ ನೋವಿಲ್ವಲ್ಲ, ಯಾಕೆ ಸುಮ್ನೆ ಮಾತ್ರೆ" ಅಂತ ಬಿಟ್ಟುಬಿಡುತ್ತಾರೆ. ನೋವಿಲ್ಲದಿರುವುದು ಹಿಂದಿನ ಮಾತ್ರೆಯ ಗುಣ. ಮುಂದಿನದು ತಪ್ಪಿದರೆ ನೋವು ತಿರುಗಿ ಬರುತ್ತದೆ, ಆಮೇಲೆ ಅದನ್ನು ಇಳಿಸೋಕೆ ಜಾಸ್ತಿ ಔಷಧಿ ಬೇಕಾಗುತ್ತದೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ. ಅದಕ್ಕೇ ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಅಂತ ಬರೆದಿರುತ್ತಾರೆ. ರಾತ್ರಿ ಹತ್ತಕ್ಕೆ ಎಷ್ಟೋ ಸಲ ಎರಡು ಪಟ್ಟು ಇರುತ್ತದೆ, ನಡುರಾತ್ರಿ ಎಬ್ಬಿಸೋದು ಬೇಡ ಅಂತ. ಚೀಟಿ ನೋಡಿ "ತಪ್ಪು ಬರೆದಿದ್ದಾರೆ" ಅಂತ ಅರ್ಧ ಮಾಡಬೇಡಿ. ಅನುಮಾನ ಬಂದರೆ ಫೋನ್ ಮಾಡಿ ಕೇಳಿ.

ನಡುವೆ ಇದ್ದಕ್ಕಿದ್ದ ಹಾಗೆ ನೋವು ಎದ್ದರೆ ಕೊಡೋಕೆ ಒಂದು ಹೆಚ್ಚುವರಿ ಡೋಸ್ ಬರೆಸಿಕೊಳ್ಳಿ. ಡ್ರೆಸ್ಸಿಂಗ್‌ಗೆ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ಕೊಡಬಹುದಾ ಅಂತಲೂ ಕೇಳಿ. ದಿನಕ್ಕೆ ಮೂರ್ನಾಲ್ಕು ಸಲ ಹೆಚ್ಚುವರಿ ಬೇಕಾಗುತ್ತಿದ್ದರೆ ಮೂಲ ಡೋಸ್ ಸಾಲುತ್ತಿಲ್ಲ ಅಂತ ಅರ್ಥ.

ಮಾರ್ಫಿನ್ ಅಂದ ಕೂಡಲೇ ಎದ್ದೇಳುವ ಭಯಗಳಿಗೆ ಉತ್ತರ:

ಚಟ ಹತ್ತುತ್ತಾ? ನೋವಿಗೆ ಲೆಕ್ಕ ಹಾಕಿ ಕೊಟ್ಟಾಗ ಅದು ಅಪರೂಪ. ಕಾಯಿಲೆ ಬೆಳೆದ ಹಾಗೆ ಡೋಸ್ ಏರಿಸಬೇಕಾಗಬಹುದು. ಏರಿಸಿದ್ದನ್ನು ನೋಡಿ ಚಟ ಅನ್ನಬೇಡಿ.

ಬೇಗ ಸಾಯ್ತಾರಾ? ಸರಿಯಾದ ಡೋಸಿನಲ್ಲಿ ಇಲ್ಲ. ಉಸಿರು ಕಟ್ಟುವ ಕಷ್ಟಕ್ಕೂ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಆದರೆ ಎಬ್ಬಿಸಿದರೂ ಏಳದಷ್ಟು ಮಂಪರು, ತೀರಾ ನಿಧಾನ ಉಸಿರು ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಫೋನ್ ಮಾಡಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಅಂಥವರ ಮೈಯಲ್ಲಿ ಇದು ಹೆಚ್ಚು ಹೊತ್ತು ಉಳಿಯುತ್ತದೆ.

ಮಂಕಾಗಿಬಿಡ್ತಾರಾ? ಮೊದಲ ಎರಡು ಮೂರು ದಿನ ನಿದ್ದೆ, ಓಕರಿಕೆ ಇರಬಹುದು. ಎಷ್ಟೋ ದಿನದ ಬಾಕಿ ನಿದ್ದೆ ಅದು. ಆಮೇಲೆ ತಿಳಿಯಾಗುತ್ತದೆ.

ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಮಾರ್ಫಿನ್ ಕೊಡುವಷ್ಟು ದಿನವೂ ಮಲ ಸಡಿಲಿಸುವ ಔಷಧಿ ಕೊಡಲೇಬೇಕು. ಚೀಟಿಯಲ್ಲಿ ಅದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೂರು ದಿನ ಹೊಟ್ಟೆ ಹೋಗದಿದ್ದರೆ ನಾಲ್ಕನೇ ದಿನಕ್ಕೆ ಕಾಯಬೇಡಿ. ಮಲ ಗಟ್ಟಿಯಾಗಿ ಕೂತು, ಪಕ್ಕದಿಂದ ನೀರು ನೀರಾಗಿ ಸೋರುವುದೂ ಉಂಟು. ಭೇದಿ ಅಂದುಕೊಂಡು ಅದನ್ನು ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನೂ ಕಷ್ಟ.

ಎಲ್ಲಾ ಮೆಡಿಕಲ್ ಶಾಪಿನಲ್ಲೂ ಮಾರ್ಫಿನ್ ಸಿಗುವುದಿಲ್ಲ. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆ, ಸಂಸ್ಥೆಗಳು ಇದನ್ನು ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಮುಗಿಯಲು ಒಂದು ವಾರ ಇರುವಾಗಲೇ ತರಲು ಹೊರಡಿ. ದಸರಾ ವಾರದಲ್ಲಿ ಮೈಸೂರಿನೊಳಗೆ ಹೋಗಿ ಬರುವುದೇ ಒಂದು ಸಾಹಸ, ರಜೆಯೂ ಸೇರಿಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ತಂದಿಟ್ಟುಕೊಳ್ಳಿ. ಮನೆಯಲ್ಲಿ ಬೀಗದೊಳಗೆ ಇಡಿ, ಎಣಿಸಿ ಇಡಿ. ಒಮ್ಮೆಲೇ ನಿಲ್ಲಿಸಬೇಡಿ. ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬೇಡಿ, ಎಷ್ಟೋ ಗಂಟೆಗಳ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ನೋವಿಗೆ ಮೈ ಮೇಲೆ ಅಂಟಿಸುವ ಫೆಂಟನಿಲ್ ಪಟ್ಟಿ ಕೊಟ್ಟಿದ್ದರೆ ಅದರ ಮೇಲೆ ಬಿಸಿನೀರ ಚೀಲ ಇಡಬೇಡಿ, ಕಾರಣ ಅದೇ.

ಇನ್ನೊಂದು, ಬೀದಿ ಕೊನೆಯ ಅಂಗಡಿಯಲ್ಲಿ "ನೋವಿನ ಮಾತ್ರೆ ಕೊಡಿ" ಅಂತ ಡೈಕ್ಲೋಫೆನಾಕ್ ತಂದು ದಿನಕ್ಕೆ ನಾಲ್ಕು ನುಂಗಿಸುವ ಮನೆಗಳಿವೆ. ಮಾರ್ಫಿನ್‌ಗೆ ಹೆದರುವವರು ಇದಕ್ಕೆ ಯಾಕೆ ಹೆದರುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿ ಪೆಟ್ಟು ತರುವುದು ಇದೇ.

5. ಬಾಯಿ ಮತ್ತು ಊಟ

ಬಾಯಿ ಒಣಗಿ, ಹುಣ್ಣಾಗಿ, ನಾಲಿಗೆ ಬೆಳ್ಳಗಾದರೆ ಯಾರಿಗೆ ಊಟ ಸೇರುತ್ತದೆ? ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ. ದಿನಕ್ಕೆ ನಾಲ್ಕೈದು ಸಲ ಇದರಲ್ಲಿ ಬಾಯಿ ಮುಕ್ಕಳಿಸಲಿ, ನುಂಗುವುದು ಬೇಡ. ಏಳಲಾಗದವರಿಗೆ ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ ಒರೆಸಿ. ತುಟಿಗೆ ಸ್ವಲ್ಪ ಬೆಣ್ಣೆ ಅಥವಾ ವ್ಯಾಸಲೀನ್. ಬಿಳಿ ಪದರ ಒರೆಸಿದರೂ ಹೋಗದಿದ್ದರೆ ಅದು ಫಂಗಸ್ ಇರಬಹುದು, ಔಷಧಿ ಇದೆ, ಕೇಳಿ.

ಊಟದ ವಿಷಯದಲ್ಲಿ ನಮ್ಮವರ ಹಟ ಜಾಸ್ತಿ. ಮುದ್ದೆ ಉಣ್ಣದಿದ್ದರೆ ಶಕ್ತಿ ಎಲ್ಲಿಂದ ಬರುತ್ತೆ ಅಂತ ಬಾಯಿಗೆ ತುರುಕುತ್ತಾರೆ. ಕೇಳಿದ್ದನ್ನು, ಕೇಳಿದ ಹೊತ್ತಿಗೆ, ಕೇಳಿದಷ್ಟು ಕೊಡಿ. ತೆಳ್ಳನೆ ರಾಗಿ ಗಂಜಿ, ಮಜ್ಜಿಗೆ, ಮೆತ್ತಗೆ ಕಲಸಿದ ಮೊಸರನ್ನ, ಬಸ್ಸಾರಿನ ತಿಳಿ. ದೊಡ್ಡ ತಟ್ಟೆ ಇಟ್ಟರೆ ನೋಡಿದ್ದಕ್ಕೇ ಸಾಕಾಗುತ್ತದೆ, ಚಿಕ್ಕ ಬಟ್ಟಲಲ್ಲಿ ಕೊಡಿ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತೆ ಅಂತ ಎರಡು ಚಮಚ ಪಾಯಸಕ್ಕೂ ಕಲ್ಲು ಹಾಕಬೇಡಿ. ಶುಗರ್ ಕಾಯಿಲೆ ಇದ್ದರೆ ಡಾಕ್ಟ್ರನ್ನು ಕೇಳಿ, ಅಷ್ಟೇ.

ಮೂಗಿನ ಟ್ಯೂಬಿನಲ್ಲಿ ಕೊಡುವುದಾದರೆ ಮೊದಲು ತಲೆ ಕಡೆ ಎತ್ತರಿಸಿ ಕೂರಿಸಿ. ಟ್ಯೂಬಿನ ಮೇಲೆ ನರ್ಸ್ ಹಾಕಿದ ಗುರುತು ಜಾಗ ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಏನೂ ಹಾಕಬೇಡಿ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಉಗುರು ಬೆಚ್ಚಗೆ, ನಿಧಾನಕ್ಕೆ ಇಳಿಸಿ. ಒತ್ತಿ ತಳ್ಳಬೇಡಿ. ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯಿರಿ. ಮುಗಿದ ಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಕೂತೇ ಇರಲಿ.

6. ಗಾಯ ಮತ್ತು ವಾಸನೆ

ಹೊಗೆಸೊಪ್ಪು, ಎಲೆಅಡಿಕೆ, ಗುಟ್ಕಾ ದೆಸೆಯಿಂದ ಬಾಯಿ ಕ್ಯಾನ್ಸರ್ ನಮ್ಮ ಕಡೆ ಬಹಳ. ಕೆನ್ನೆ ತೂತಾಗಿ ಗಾಯ ಹೊರಗೆ ಬಂದವರಿರುತ್ತಾರೆ. ಸ್ತನದ ಗಡ್ಡೆ ಒಡೆದು ಹುಣ್ಣಾದವರಿರುತ್ತಾರೆ. ನೋವಿಗಿಂತ ಹೆಚ್ಚಾಗಿ ವಾಸನೆಗೆ ಇವರು ಕುಗ್ಗಿಹೋಗಿರುತ್ತಾರೆ. ಮೊಮ್ಮಗು ಹತ್ತಿರ ಬರುವುದಿಲ್ಲ, ತಟ್ಟೆ ಲೋಟ ಬೇರೆ ಮಾಡಿರುತ್ತಾರೆ. ಕ್ಯಾನ್ಸರ್ ಅಂಟುವುದಿಲ್ಲ. ತಟ್ಟೆ ಬೇರೆ ಮಾಡಬೇಡಿ.

ಅನುಭವಸ್ಥ ಸಿಸ್ಟರ್ ಒಬ್ಬರು ಹಳ್ಳಿಮನೆಯಲ್ಲಿ ಮಾಡುವ ಕ್ರಮ ಹೀಗಿರುತ್ತದೆ. ಮೊದಲು ಕೈ ತೊಳೆದು, ಒಲೆ ಮೇಲೆ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಚೆನ್ನಾಗಿ ಕುದಿಸಿ ಆರಲು ಇಡುತ್ತಾರೆ. ಹಳೇ ಕಾಟನ್ ಪಂಚೆಯನ್ನು ಅಂಗೈಯಗಲ ತುಂಡು ಮಾಡಿ, ಒಗೆದು, ಬಿಸಿಲಲ್ಲಿ ಒಣಗಿಸಿ, ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಹಬೆಗೆ ಬೇಯಿಸಿ ಇಡುವಂತೆ ಮನೆಯವರಿಗೆ ಹಿಂದಿನ ಸಲವೇ ಹೇಳಿರುತ್ತಾರೆ. ಅಂಟಿಕೊಂಡ ಹಳೇ ಬಟ್ಟೆಯನ್ನು ಕೀಳುವುದಿಲ್ಲ. ಉಪ್ಪುನೀರು ಹಾಕಿ ಹಾಕಿ ನೆನೆಸಿ, ತಾನಾಗಿ ಬಿಡುವವರೆಗೂ ಕಾಯುತ್ತಾರೆ. ಎಳೆದರೆ ರಕ್ತ ಬರುತ್ತದೆ. ಆಮೇಲೆ ಉಪ್ಪುನೀರಲ್ಲಿ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುತ್ತಾರೆ. ಗಾಯದಲ್ಲಿ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಇದಕ್ಕೆ ಸಾಯುತ್ತವೆ. ಕೆಲವೇ ದಿನದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನಿಮ್ಮ ಸಿಸ್ಟರ್ ಹತ್ತಿರವೇ ಕೇಳಿ ಕಲಿಯಿರಿ.

ಸ್ಪಿರಿಟ್, ಡೆಟಾಲ್, ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ. ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಿ. ಹುಳ ಕಂಡರೆ ಸೀಮೆಎಣ್ಣೆ, ಫಿನೈಲ್ ಸುರಿಯಬೇಡಿ. ಸಿಸ್ಟರ್‌ಗೆ ಫೋನ್ ಮಾಡಿ. ಇದು ಅವರು ಎಷ್ಟೋ ಸಲ ನೋಡಿರುವ ಸಂಗತಿ, ನಾಚಿಕೆ ಪಡುವಂಥದ್ದೇನಿಲ್ಲ.

7. ಹಾಸಿಗೆ ಹಿಡಿದವರ ಮೈ

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ ದಿನಾ ನೋಡಿ. ಕೆಂಪಾಗಿದ್ದ ಜಾಗವನ್ನು ಉಜ್ಜಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವ ಹಳೇ ಪದ್ಧತಿ ಬಿಡಿ, ಅದು ಸುತ್ತಲಿನ ರಕ್ತ ಓಡಾಟಕ್ಕೆ ಅಡ್ಡಿ. ಎಳೆದು ಸರಿಸುವ ಬದಲು ಕೆಳಗೆ ಮಡಿಸಿದ ಬೆಡ್‌ಶೀಟ್ ಹಾಸಿ ಇಬ್ಬರು ಎತ್ತಿ ಸರಿಸಿ. ಉಸಿರು ಕಷ್ಟವಾದರೆ ದಿಂಬು ಕೊಟ್ಟು ಒರಗಿಸಿ, ಕಿಟಕಿ ತೆರೆದು, ಮುಖಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕಿ. ಇದರಿಂದ ನಿಜವಾಗಲೂ ಉಪಯೋಗವಿದೆ.

8. ಮಾತು

"ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ನೀವೂ ಹೇಳಬೇಡಿ." ತಂಡದವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಈ ಮಾತು ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ರೇಡಿಯೇಷನ್ ಮುಗಿಸಿ ಬಂದ ಮನುಷ್ಯನಿಗೆ ಗೊತ್ತಿರುವುದಿಲ್ವಾ? ಬಹಳ ಸಲ ಗೊತ್ತಿರುತ್ತದೆ. ಮನೆಯವರು ಬೇಜಾರು ಮಾಡಿಕೊಳ್ತಾರೆ ಅಂತ ಅವರೂ ಗೊತ್ತಿಲ್ಲದ ಹಾಗೆ ಇರುತ್ತಾರೆ. ಹೀಗೆ ಒಂದೇ ಸೂರಿನಡಿ ಎಲ್ಲರೂ ಒಂಟಿ.

ಬಲವಂತವಾಗಿ ಹೇಳಬೇಕಾಗಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ಏನು ತಿಳಿದಿದೆ? ಇನ್ನೂ ಏನಾದರೂ ಕೇಳಬೇಕಾ?" ಅಂತ ತಂಡದವರು ಕೇಳುತ್ತಾರೆ. ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳಿದರೆ ಸಾಕು. ಇದಕ್ಕೆ ಅಡ್ಡ ಬರಬೇಡಿ. ಜಮೀನಿನ ಪಾಲು, ಸಾಲ, ಮಗಳ ಮದುವೆ, ಮಾತು ಬಿಟ್ಟ ತಮ್ಮ, ಇಂಥವನ್ನು ಮುಗಿಸಿಕೊಳ್ಳುವ ಅವಕಾಶ ಅವರಿಗೆ ಇದರಿಂದಲೇ ಸಿಗುವುದು.

ವೆಂಟಿಲೇಟರ್ ಬೇಡ, ಐಸಿಯು ಬೇಡ ಅನ್ನುವ ಇಚ್ಛೆ ರೋಗಿಗಿದ್ದರೆ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ಕ್ರಮ ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ನೋಡಿಕೊಂಡು ಹೋಗೋಕೆ ಬರುವ ನೆಂಟರಿಗೆ ಹೊತ್ತು ಗೊತ್ತು ಮಾಡಿ. ಕಿತ್ತಳೆ ಹಣ್ಣು ತಂದು, ಮಂಚದ ಪಕ್ಕದಲ್ಲೇ ಕೂತು "ನಮ್ಮೂರಲ್ಲೂ ಒಬ್ರಿಗೆ ಹಿಂಗೇ ಆಗಿತ್ತು" ಅಂತ ಶುರು ಮಾಡುವವರನ್ನು ಅಡುಗೆಮನೆಗೆ ಕರೆದು ಕಾಫಿ ಕೊಡಿ.

ಇನ್ನು ನಿಮ್ಮ ಮಾತು. ಒಬ್ಬರೇ ಸೊಸೆಯ ಮೇಲೆ ಇಡೀ ಭಾರ ಬಿದ್ದ ಮನೆಗಳಲ್ಲಿ ಮೊದಲು ಕೆಡುವುದು ಆಕೆಯ ಆರೋಗ್ಯ. ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ಎದ್ದಿರಲಿ. ಬೆಂಗಳೂರಿನಲ್ಲಿರುವ ಮಕ್ಕಳು ಗೂಗಲ್ ಪೇ ಮಾಡಿದರೆ ಸಾಲದು, ಶನಿವಾರ ರಾತ್ರಿ ಬಂದು ಡ್ಯೂಟಿ ಮಾಡಲಿ. ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

9. ಯಾವಾಗ ಆಸ್ಪತ್ರೆಗೆ ಓಡಬೇಕು

ಮನೆಯಲ್ಲೇ ನೋಡಿಕೊಳ್ಳುವುದು ಅಂದರೆ ಆಸ್ಪತ್ರೆಗೆ ಹೋಗಲೇಬಾರದು ಅಂತಲ್ಲ. ಇವುಗಳಿಗೆ ತಡಮಾಡಬೇಡಿ:

ಬೆನ್ನುನೋವಿನ ಜೊತೆ ಕಾಲು ಸೋಲುವುದು, ಜೋಮು ಹಿಡಿಯುವುದು, ಮೂತ್ರ ಕಟ್ಟುವುದು. ಗಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು. ಗಂಟೆಗಳ ಲೆಕ್ಕದಲ್ಲಿ ಹೋದರೆ ಕಾಲು ಉಳಿಯಬಹುದು. ನಾಳೆ ನೋಡೋಣ ಅಂದರೆ ಕಾಲು ಹೋಗಬಹುದು.

ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ಜ್ವರ. ಡೋಲೋ ಕೊಟ್ಟು ಕಾಯಬೇಡಿ.

ಮುಖ, ಕತ್ತು ಊದಿಕೊಂಡು ಉಸಿರು ಕಟ್ಟುವುದು. ಫಿಟ್ಸ್. ನಿಲ್ಲದ ವಾಂತಿಯ ಜೊತೆ ಮಂಕು, ಗೊಂದಲ.

ಜೋರು ರಕ್ತಸ್ರಾವ. ಕತ್ತಿನ, ಬಾಯಿಯ ಗಾಯ ಇದ್ದವರ ಮನೆಯಲ್ಲಿ ಕಡುಗೆಂಪು ಅಥವಾ ಕಪ್ಪು ಟವೆಲ್ ಕೈಗೆ ಸಿಗುವಲ್ಲಿ ಇರಲಿ, ಬಿಳಿ ಬಟ್ಟೆಯ ಮೇಲೆ ಸ್ವಲ್ಪ ರಕ್ತ ಕಂಡರೂ ಎಲ್ಲರ ಜೀವ ಹಾರಿಹೋಗುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿಯಿರಿ, ರೋಗಿಯನ್ನು ಒಂಟಿ ಬಿಡಬೇಡಿ, ಇನ್ನೊಬ್ಬರು 108ಕ್ಕೂ ತಂಡಕ್ಕೂ ಫೋನ್ ಮಾಡಲಿ. ಇಂಥ ಅಪಾಯ ಇದೆಯಾ, ಹಾಗೇನಾದರೂ ಆದಾಗ ಏನು ಮಾಡಬೇಕು ಅಂತ ತಂಡದವರ ಜೊತೆ ಮುಂಚೆಯೇ ಮಾತಾಡಿಕೊಂಡಿರಿ.

10. ಕೊನೆಯ ದಿನಗಳು ಮತ್ತು ಕಾಗದಪತ್ರ

ನಿದ್ದೆ ಜಾಸ್ತಿಯಾಗುತ್ತದೆ. ಊಟ, ನೀರು ಬೇಡವಾಗುತ್ತದೆ. ಕೈಕಾಲು ತಣ್ಣಗಾಗುತ್ತದೆ. ಉಸಿರು ನಿಂತು ನಿಂತು ಬರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಕೇಳುವವರಿಗೆ ಸಂಕಟ, ಅವರಿಗೆ ಅಷ್ಟು ಗೊತ್ತಾಗುವುದಿಲ್ಲ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. "ಉಪವಾಸ ಸಾಯಿಸ್ತಿದ್ದೀವಿ" ಅಂತ ಡ್ರಿಪ್ ಹಾಕಿಸಲು ಓಡಾಡುವವರು ಬಹಳ. ಈ ಹಂತದಲ್ಲಿ ಮೈಗೆ ನೀರು ಬೇಕಾಗಿರುವುದಿಲ್ಲ, ಹಾಕಿದ್ದು ಕಾಲಲ್ಲೋ ಶ್ವಾಸಕೋಶದಲ್ಲೋ ಊದಿಕೊಳ್ಳುತ್ತದೆ. ತುಟಿ, ನಾಲಿಗೆ ಒದ್ದೆ ಮಾಡುತ್ತಿರಿ. ಪ್ರಜ್ಞೆ ತಪ್ಪಿದಂತಿದ್ದರೂ ಮಾತು ಕೇಳಿಸುತ್ತಿರಬಹುದು, ಹತ್ತಿರ ಕೂತು ಮಾತಾಡಿ. ನೋವಿನ ಔಷಧಿ ನಿಲ್ಲಿಸಬೇಡಿ. ನುಂಗಲಾಗದಿದ್ದರೆ ಬೇರೆ ದಾರಿಯಲ್ಲಿ ಕೊಡುವುದನ್ನು ತಂಡದವರು ತೋರಿಸುತ್ತಾರೆ.

ಮನೆಯಲ್ಲಿ ತೀರಿಕೊಂಡರೆ ಡಾಕ್ಟ್ರಿಂದ ಸಾವಿನ ಕಾರಣದ ಪ್ರಮಾಣಪತ್ರ ಬೇಕು. ಕಾಯಿಲೆಯನ್ನು ನೋಡುತ್ತಿದ್ದ ಡಾಕ್ಟ್ರುಗಳಲ್ಲಿ ಯಾರು ಅದನ್ನು ಕೊಡುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಾಡುವುದು ಬೇಡ. ಕ್ಯಾನ್ಸರ್ ಅಂತ ದಾಖಲೆ ಇರುವವರು ಮನೆಯಲ್ಲಿ ಸಹಜವಾಗಿ ತೀರಿಕೊಂಡರೆ ಪೊಲೀಸ್, ಪೋಸ್ಟ್ ಮಾರ್ಟಮ್ ಯಾವುದೂ ಇಲ್ಲ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಕಡೆಗೇ ವಾಪಸ್ ಮಾಡಿ. ಪಕ್ಕದ ಮನೆಯವರ ಮಂಡಿನೋವಿಗೆ ಕೊಡಬೇಡಿ. ಎರವಲು ತಂದ ಏರ್ ಬೆಡ್, ವೀಲ್ ಚೇರ್ ಒರೆಸಿ ಹಿಂದಿರುಗಿಸಿ, ಅದಕ್ಕೆ ಇನ್ನೊಂದು ಮನೆ ಕಾಯುತ್ತಿರುತ್ತದೆ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಮೈಸೂರು ನಗರದೊಳಗಾದರೆ ಪಾಲಿಕೆಯಲ್ಲಿ, ಹಳ್ಳಿಯಾದರೆ ಪಂಚಾಯಿತಿಯಲ್ಲಿ ವಿಚಾರಿಸಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ, ಒಂದು ಇನಿಷಿಯಲ್ ತಪ್ಪಿದರೂ ಮುಂದೆ ಅಲೆದಾಟ. ಬ್ಯಾಂಕು, ಎಲ್‌ಐಸಿ, ಪಿಂಚಣಿ, ಪೌತಿ ಖಾತೆ, ಎಲ್ಲಾ ಕಡೆಯೂ ಕೇಳುತ್ತಾರೆ. ಒಂದೇ ಸಲಕ್ಕೆ ಐದಾರು ಪ್ರತಿ ತೆಗೆದುಕೊಳ್ಳಿ.